ಕಾಸರವಳ್ಳಿ ಕಪಾಟು: ಈ ವರ್ಷ ಎಲ್ಲಿಗೆ ಬಂತು

ನನ್ನ ಪಟ್ಟಿಯಲ್ಲಿ 15 ಸಿನಿಮಾ ಇವೆ. 1977ರ 'ಘಟಶ್ರಾದ್ಧ'ದಿಂದ ಶುರುವಾಗಿ 2020ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ವರೆಗೆ ಗಿರೀಶ್ ಕಾಸರವಳ್ಳಿ ಮಾಡಿದ ಕಥಾಚಿತ್ರಗಳು. ಅವನ್ನೆಲ್ಲ ಕೈಯಲ್ಲಿ ಹಿಡಿಯೋ ರೂಪದಲ್ಲಿ ಕೂಡಿಸಬೇಕು ಅನ್ನೋದು ನನ್ನ ಹುಚ್ಚು. ಡಿವಿಡಿ ಆದರೆ ಒಳ್ಳೆಯದು, ಸಿಡಿಯಲ್ಲೇ ಸಿನಿಮಾ ತುಂಬಿದ ಹಳೆ ವಿಸಿಡಿ ಆದರೂ ಸರಿ, ಏನೂ ಇಲ್ಲದಿದ್ದರೆ ಹಳೆ ವಿಎಚ್‌ಎಸ್ ಟೇಪ್.

ಬಳ್ಳಾರಿಯಲ್ಲಿ ಕೂತು ಇದನ್ನು ಮಾಡೋದು ಸ್ವಲ್ಪ ತಮಾಷೆಯ ಕೆಲಸ. ಇಲ್ಲಿ ಮೊದಲಿನಿಂದಲೂ ತೆಲುಗು ಸಿನಿಮಾದ್ದೇ ಜೋರು. ಸಿಡಿ ಅಂಗಡಿಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲೂ ಕಾಸರವಳ್ಳಿ ಹೆಸರು ಹೇಳಿದರೆ ಅಂಗಡಿಯವರು ನಗುತ್ತಿದ್ದರು. "ಅವಾರ್ಡ್ ಪಿಚ್ಚರಾ ಸರ್? ಅವನ್ನ ತರಿಸಿದ್ರ ನಾವು ಮನಿಗೆ ತಗೊಂಡು ಹೋಗಬೇಕಷ್ಟ." ಅವರ ಲೆಕ್ಕ ಅವರಿಗೆ ಸರಿ. ಆದರೆ ಯಾರೂ ಬಾಡಿಗೆಗೆ ಒಯ್ಯದ ಡಿಸ್ಕ್‌ಗಳು ಚೆನ್ನಾಗಿ ಉಳಿದಿರುತ್ತವೆ. ಅದು ಈಗ ನನಗೆ ಲಾಭ.

ಮಾರ್ಚ್

ಕೌಲ್ ಬಜಾರ್ ಕಡೆ ಒಂದು ಹಳೆ ಸಿಡಿ ಲೈಬ್ರರಿಯವರು ಅಂಗಡಿ ಖಾಲಿ ಮಾಡುತ್ತಿದ್ದರು. ಡಿಸ್ಕ್‌ಗಳನ್ನು ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕೋರಿದ್ದರು. ಚೀಲದಲ್ಲಿ ಕೈಯಾಡಿಸಿದಾಗ 'ದ್ವೀಪ'ದ ವಿಸಿಡಿ ಪೂರ್ತಿ ಸಿಕ್ಕಿತು. 'ತಾಯಿ ಸಾಹೇಬ'ದ ಒಂದನೇ ಡಿಸ್ಕ್ ಮಾತ್ರ ಸಿಕ್ಕಿತು. ವಿಸಿಡಿಯ ದೊಡ್ಡ ಶಾಪ ಇದೇ. ಒಂದು ಡಿಸ್ಕ್‌ನಲ್ಲಿ 74 ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತದೆ, ಹಾಗಾಗಿ ಪ್ರತಿ ಸಿನಿಮಾವೂ ಎರಡು ತುಂಡು. ಜೋಡಿ ಒಮ್ಮೆ ಅಗಲಿದರೆ ಮತ್ತೆ ಸೇರಿಸೋದು ದೇವರಿಗೇ ಕಷ್ಟ.

ಲೈಬ್ರರಿಯವರು ಡಿಸ್ಕ್ ಮೇಲೆ ನಂಬರ್ ಚೀಟಿ ಅಂಟಿಸಿದ್ದರು. ಅದನ್ನು ಕೀಳೋಕೆ ನಾನು ಹೋಗಲಿಲ್ಲ. ಎಲ್ಲರೂ ಹೊಳೆಯೋ ಕೆಳಬದಿಗೆ ಗೀರು ಬೀಳಬಾರದು ಅಂತ ಜೋಪಾನ ಮಾಡುತ್ತಾರೆ. ಸಿಡಿ ಮತ್ತು ವಿಸಿಡಿಯಲ್ಲಿ ನಿಜವಾದ ಅಪಾಯ ಮೇಲ್ಬದಿಗೆ. ಬೆಳಕನ್ನು ಹಿಂದಕ್ಕೆ ಕಳಿಸೋ ತೆಳು ಲೋಹದ ಪದರ ಇರೋದು ಹೆಸರು ಅಚ್ಚಾದ ಬದಿಯ ವಾರ್ನಿಷಿನ ಕೆಳಗೇ. ಚೀಟಿ ಕಿತ್ತರೆ ಆ ಪದರವೂ ಎದ್ದು ಬರಬಹುದು. ಕೆಳಬದಿಯಲ್ಲಾದರೆ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಅಡ್ಡ ಇರುತ್ತದೆ. ಡಿವಿಡಿ ಕಥೆ ಬೇರೆ, ಅದರಲ್ಲಿ ಮಾಹಿತಿ ಎರಡು 0.6 ಮಿಲಿಮೀಟರ್ ಪದರಗಳ ನಡುವೆ ಕೂತಿರುತ್ತದೆ. ಅದಕ್ಕೇ ಡಿವಿಡಿ ಮೇಲ್ಬದಿಯ ಪೆಟ್ಟನ್ನು ಸ್ವಲ್ಪ ಜಾಸ್ತಿ ತಡೆಯುತ್ತದೆ.

ತೊಳೆಯೋಕೆ ಬ್ಯಾಟರಿಗೆ ಹಾಕೋ ನೀರು, ಹಳೇ ಮೆತ್ತನೆ ಪಂಚೆ. ಒರೆಸೋದು ನಡುವಿನಿಂದ ಅಂಚಿಗೆ, ನೇರವಾಗಿ. ಸುತ್ತ ತಿರುಗಿಸಿ ಒರೆಸಬಾರದು. ಅಡ್ಡ ಗೀರು ಬಿದ್ದರೆ ಒಂದೊಂದು ಸುತ್ತಿಗೆ ಚೂರೇ ಚೂರು ಹೋಗುತ್ತದೆ, ಅದನ್ನು ಪ್ಲೇಯರ್ ತಾನೇ ಸರಿಮಾಡಿಕೊಳ್ಳುತ್ತದೆ. ಸುತ್ತಿನ ಗುಂಟ ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೆ ಮಾಹಿತಿ ಮಾಯ. ನಮ್ಮೂರಿನ ಕೆಂಪು ಧೂಳಿನಲ್ಲಿ ಇದು ಸಣ್ಣ ಮಾತಲ್ಲ.

ಏಪ್ರಿಲ್, ಮೇ

ಈ ಎರಡು ತಿಂಗಳು ಪೂರ್ತಿ 'ದ್ವೀಪ'ಕ್ಕೇ ಹೋಯಿತು.

ಅದರ ಡಿವಿಡಿ ನನ್ನ ಹತ್ತಿರ ಮೊದಲೇ ಇತ್ತು. ಮನೆಯವಳು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಇರೋ ಪಿಚ್ಚರ್‌ನ ಮತ್ತ ಯಾಕ ತಂದ್ರಿ?" ಉತ್ತರ ಬಾಯಲ್ಲಿ ಹೇಳೋದಕ್ಕಿಂತ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸೋದು ಸುಲಭ ಅನ್ನಿಸಿತು.

ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಸಿನಿಮಾ ಇದು. ನಾಯಕಿ ಸೌಂದರ್ಯ ಅವರೇ ನಿರ್ಮಾಪಕಿ. ಅಣೆಕಟ್ಟಿನ ಹಿನ್ನೀರು ಏರುತ್ತಾ ಬರುತ್ತದೆ, ಗುಡ್ಡದ ಮೇಲೊಂದು ಮನೆ ಉಳಿಯುತ್ತದೆ. ಇಡೀ ಸಿನಿಮಾ ಮಳೆ. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಹೊರಗೆ 40 ಡಿಗ್ರಿ ದಾಟಿದ ಬಿಸಿಲಲ್ಲಿ ಕಿಟಕಿ ಮುಚ್ಚಿಕೊಂಡು ಅಷ್ಟು ಮಳೆ ನೋಡೋದು ಬಳ್ಳಾರಿಯವರಿಗೆ ಮಾತ್ರ ಸಿಗೋ ಸುಖ.

ಆದರೆ ವಿಸಿಡಿಯಲ್ಲಿ ಆ ಮಳೆಯೇ ಇಲ್ಲ! ವಿಸಿಡಿಯಲ್ಲಿ ಚಿತ್ರದ ಅಳತೆ 352x288. ಚಿತ್ರಕ್ಕೆ ಸಿಗೋದು ಸೆಕೆಂಡಿಗೆ 1150 ಕಿಲೋಬಿಟ್ ಮಾಹಿತಿ. ಡಿವಿಡಿಯಲ್ಲಿ ಅದರ ನಾಲ್ಕೈದು ಪಟ್ಟು ಸಲೀಸಾಗಿ ಸಿಗುತ್ತದೆ. ಒಬ್ಬರು ಸುಮ್ಮನೆ ಕೂತು ಮಾತಾಡೋ ದೃಶ್ಯಕ್ಕೆ ಅಷ್ಟು ಕಡಿಮೆ ಸಾಕಾಗಬಹುದು. ಮಳೆಯಲ್ಲಿ ಹಾಗಲ್ಲ, ಪ್ರತಿ ಫ್ರೇಮಿನಲ್ಲೂ ಎಲ್ಲ ಕಡೆ ಏನಾದರೂ ಬದಲಾಗುತ್ತಲೇ ಇರುತ್ತದೆ. ಮಾಹಿತಿ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ನಾಯಕಿ ನಾಗಿ ದೋಣಿಯ ಕಡೆ ಇಳಿಯುವಾಗ ಹಿಂದಿನ ಬೆಟ್ಟ, ನೀರು, ಆಕಾಶ ಎಲ್ಲ ಒಂದೇ ಬೂದು ಗೋಡೆ. ನೀರು ಏರುತ್ತಿದೆ ಅನ್ನೋದು ಮಾತಿನಿಂದ ಗೊತ್ತಾಗಬೇಕು, ಕಣ್ಣಿಗೆ ಕಾಣದು. ಈ ಸಿನಿಮಾದಲ್ಲಿ ನೀರೇ ಒಂದು ಪಾತ್ರ ಅಲ್ವಾ? ವಿಸಿಡಿ ಆ ಪಾತ್ರವನ್ನೇ ತೆಗೆದುಹಾಕಿದೆ.

ಇನ್ನೊಂದು ವಿಚಾರ ಅವಧಿಯದು. ನನ್ನ ವಿಸಿಡಿ ಡಿವಿಡಿಗಿಂತ ಕೆಲವು ನಿಮಿಷ ಚಿಕ್ಕದು. ವಿಸಿಡಿ ಕಂಪನಿಗಳು ಸಿನಿಮಾ ಕತ್ತರಿಸುತ್ತಿದ್ದವು ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಕತ್ತರಿಸುತ್ತಿದ್ದದ್ದೂ ಉಂಟು. ಆದರೆ ಚಿಕ್ಕದಾದ ತಕ್ಷಣ ಕತ್ತರಿ ಬಿದ್ದಿದೆ ಅಂತ ತೀರ್ಮಾನ ಮಾಡಬಾರದು. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ನಮ್ಮ ಪಾಲ್ ಪದ್ಧತಿಯ ಟಿವಿಗೆ ಬೇಕಾದ್ದು 25. ಸಾಮಾನ್ಯವಾಗಿ ಮಾಡೋದು ಸಿನಿಮಾವನ್ನೇ ಸ್ವಲ್ಪ ಬೇಗ ಓಡಿಸೋದು, ಅಂದರೆ ಶೇ. 4ರಷ್ಟು. 120 ನಿಮಿಷದ ಸಿನಿಮಾ 115 ನಿಮಿಷಕ್ಕೆ ಮುಗಿಯುತ್ತದೆ. ಒಂದು ಫ್ರೇಮೂ ಹೋಗಿರೋದಿಲ್ಲ. ನನ್ನ ಡಿವಿಡಿ ಅಮೆರಿಕದ ಟಿವಿಯ ಎನ್‌ಟಿಎಸ್‌ಸಿ ಪದ್ಧತಿಯದು, ಅದರಲ್ಲಿ ವೇಗ ಹೆಚ್ಚುಕಡಿಮೆ ಮೂಲದ್ದೇ.

ಪತ್ತೆ ಮಾಡೋ ದಾರಿ ಸುಲಭ. ಎರಡರಲ್ಲೂ ಅದೇ ಶಾಟ್ ಬರೋ ಹೊತ್ತನ್ನು ಬರೆದುಕೊಳ್ಳುತ್ತಾ ಹೋಗಿ. ವಿಸಿಡಿ ಪ್ರತಿ 10 ನಿಮಿಷಕ್ಕೆ ಸುಮಾರು 24 ಸೆಕೆಂಡ್ ಮುಂದೆ ಹೋಗುತ್ತಿದ್ದರೆ ಅದು ವೇಗದ ವ್ಯತ್ಯಾಸ. ಒಂದು ಜಾಗದಲ್ಲಿ ದಿಢೀರ್ ಅಂತ ಜಿಗಿದರೆ ಅಲ್ಲಿ ಕತ್ತರಿ. ನನ್ನ ಪ್ರತಿಯಲ್ಲಿ ಉದ್ದಕ್ಕೂ 24ರ ಲೆಕ್ಕ ಸರಿಯಾಗಿ ಬಂತು. ಒಂದೇ ಕಡೆ ಜಿಗಿತ ಇತ್ತು, ಒಂದನೇ ಡಿಸ್ಕ್ ಮುಗಿದು ಎರಡನೆಯದು ಶುರುವಾಗೋ ಜಾಗದಲ್ಲಿ. ಒಂದು ಮೌನದ ಶಾಟಿನ ಬಾಲ ಹೋಗಿದೆ. ಮೌನ ತಾನೇ, ಯಾರು ಕೇಳ್ತಾರೆ ಅಂದುಕೊಂಡಿರಬೇಕು.

ವೇಗ ಹೆಚ್ಚಾದರೆ ದನಿಯ ಶ್ರುತಿಯೂ ಏರುತ್ತದೆ. ಹಾರ್ಮೋನಿಯಂನ ಒಂದು ಕೀಗೂ ಪಕ್ಕದ ಕೀಗೂ ಇರೋ ಅಂತರದ ಮುಕ್ಕಾಲು ಭಾಗಕ್ಕೆ ಹತ್ತಿರ. ನನ್ನ ಕಿವಿಗೆ ಅದು ತಾಕಲೇ ಇಲ್ಲ. ಬಯಲಾಟಕ್ಕೆ ಹಾರ್ಮೋನಿಯಂ ನುಡಿಸೋ ನಮ್ಮ ಸೋದರಮಾವ ಚಹಾ ಕುಡಿಯೋಕೆ ಬಂದವರು ಎರಡನ್ನೂ ಒಂದರ ಹಿಂದೆ ಒಂದು ಕೇಳಿ, "ಇದು ಮ್ಯಾಲ ಹೋಗೇತಲ್ಲೋ, ಹೆಣ್ಮಗಳ ದನಿ ತೆಳ್ಳಗ ಬರಾಕತ್ತೇತಿ" ಅಂದರು. ಕಾಗದದ ಮೇಲೆ ನಾನು ಮಾಡಿದ ಲೆಕ್ಕ ಅವರಿಗೆ ಬೇಕಾಗಲೇ ಇಲ್ಲ.

ಇಷ್ಟಾದರೂ ವಿಸಿಡಿಯನ್ನು ಎಸೆಯೋದಿಲ್ಲ. ನನ್ನ ಡಿವಿಡಿಯಲ್ಲಿ ಮೂಲೆಗೆ ಕಂಪನಿಯ ಲೋಗೊ ಕೂತಿದೆ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಚಿತ್ರದಲ್ಲೇ ಬೆರೆತಿದೆ, ತೆಗೆಯೋಕೆ ಬರೋದಿಲ್ಲ. ವಿಸಿಡಿಯಲ್ಲಿ ಆ ಜಾಗ ಸ್ವಚ್ಛ. ಪೂರ್ತಿ ಸಿನಿಮಾ ಯಾವ ಒಂದು ಡಿಸ್ಕ್‌ನಲ್ಲೂ ಇಲ್ಲ. ಮನೆಯವಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಅವಳು ಒಪ್ಪಿದ್ದಾಳೆ ಅಂತ ಹೇಳಲಾರೆ.

ಜೂನ್: ನಕಲು ತೆಗೆಯೋ ಕೆಲಸ

ವಿಸಿಡಿಯನ್ನು ಕಂಪ್ಯೂಟರಿಗೆ ಇಳಿಸೋದು ಡಿವಿಡಿಗಿಂತ ಕಷ್ಟ. ಮಾಮೂಲಿ ಡೇಟಾ ಸಿಡಿಯ ಒಂದೊಂದು ತುಂಡಿನಲ್ಲಿ 2048 ಬೈಟ್ ಮಾಹಿತಿ ಇದ್ದರೆ ಅದರ ಜೊತೆ 276 ಬೈಟ್ ದೋಷ ತಿದ್ದೋಕೆ ಅಂತ ಮೀಸಲು. ವಿಸಿಡಿಯ ಚಿತ್ರದ ಭಾಗದಲ್ಲಿ ಆ ಮೀಸಲನ್ನೂ ಸಿನಿಮಾಗೇ ಕೊಟ್ಟು 2324 ಮಾಡಿದ್ದಾರೆ. ಜಾಗ ಉಳಿಯಿತು, ರಕ್ಷಣೆ ಹೋಯಿತು. ಲಿನಕ್ಸಿನಲ್ಲಿ ಮಾಮೂಲಿ ಫೈಲ್ ಥರ ಕಾಪಿ ಮಾಡೋಕೆ ಹೋದರೆ ಕೈಕೊಡುತ್ತದೆ, ವಿಸಿಡಿಗೆಂದೇ ಇರೋ ವಿಸಿಡಿಎಕ್ಸ್‌ರಿಪ್ ಅನ್ನೋ ತಂತ್ರಾಂಶ ಬೇಕು. ಗೀರಾದ ಡಿವಿಡಿಗೆ ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಒಳ್ಳೆಯದು. ಮೊದಲು ಸಲೀಸಾಗಿ ಓದೋ ಭಾಗವನ್ನೆಲ್ಲ ಎತ್ತಿಕೊಂಡು, ಆಮೇಲೆ ಹಟಮಾರಿ ಜಾಗಗಳಿಗೆ ವಾಪಸ್ ಬರುತ್ತದೆ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದೋದೂ ಉಂಟು. ಹಾಗಾಗಿ ಹಳೇ ಕಂಪ್ಯೂಟರುಗಳಿಂದ ಬಿಚ್ಚಿದ ಡ್ರೈವ್‌ಗಳನ್ನು ಇಟ್ಟುಕೊಂಡಿದ್ದೇನೆ.

'ಹಸೀನಾ', 'ನಾಯಿ ನೆರಳು', 'ಗುಲಾಬಿ ಟಾಕೀಸ್' ಇಳಿದವು, ತಕರಾರಿಲ್ಲ. 'ಹಸೀನಾ'ಗೆ ಆಧಾರ ಬಾನು ಮುಷ್ತಾಕ್ ಅವರ ಕಥೆ. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ಈ ಡಿಸ್ಕ್ ಕೇಳಿಕೊಂಡು ಬರೋರು ಶುರುವಾಗಿದ್ದಾರೆ. ಮನೆಗೆ ಬಂದು ನೋಡಿ ಅನ್ನುತ್ತೇನೆ, ಕೈಗೆ ಕೊಡೋದಿಲ್ಲ.

ಟೇಪ್ ಒಂದೇ ಇದೆ, 'ತಬರನ ಕಥೆ'. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಬರುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ರೆಕಾರ್ಡ್ ಮಾಡಿಟ್ಟದ್ದು. ಮೊದಲ ಕೆಲವು ನಿಮಿಷ ಬೂಷ್ಟು ಹಿಡಿದಿತ್ತು. ಬೂಷ್ಟಿನ ಟೇಪನ್ನು ಒಳ್ಳೆಯ ಡೆಕ್‌ಗೆ (ಟೇಪ್ ಓಡಿಸೋ ಯಂತ್ರಕ್ಕೆ) ಹಾಕಬಾರದು, ಅದು ಡೆಕ್‌ಗೂ ಅಂಟಿ ಮುಂದಿನ ಟೇಪಿಗೂ ಹೋಗುತ್ತದೆ. ರಿಪೇರಿ ಮಾಡೋ ಹಿರಿಯರೊಬ್ಬರು ಕೆಟ್ಟ ಡೆಕ್ ಒಂದರಲ್ಲಿ ಅದನ್ನು ಸುತ್ತಿ ಒರೆಸಿಕೊಟ್ಟರು. ಬಣ್ಣ ಹರಡಿದೆ, ದನಿ ಗೊರಗೊರ. ಆದರೂ ಪಿಂಚಣಿ ಕಾಗದ ಹಿಡಿದು ಮೇಜಿಂದ ಮೇಜಿಗೆ ಅಲೆಯೋ ಚಾರುಹಾಸನ್ ಮುಖಕ್ಕೆ ಏನೂ ಆಗಿಲ್ಲ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು.

ಆಗಸ್ಟ್

'ಕನಸೆಂಬ ಕುದುರೆಯನೇರಿ' ಡಿಸ್ಕ್ ಹಾಕಿದ ದಿನ ಮಾನ್ವಿ ಕಡೆಯ ನೆಂಟರು ಮನೆಯಲ್ಲಿದ್ದರು. ಬೇಕಂತಲೇ ಹಾಕಿದೆ. ಇದು ಅಮರೇಶ ನುಗಡೋಣಿ ಅವರ ಕಥೆ, ನುಗಡೋಣಿ ಅನ್ನೋ ಊರು ಇರೋದು ಅದೇ ರಾಯಚೂರು ಸೀಮೆಯಲ್ಲಿ. ಮಲೆನಾಡು, ಕರಾವಳಿಯಲ್ಲೇ ಹೆಚ್ಚು ತಿರುಗಿದ ಕಾಸರವಳ್ಳಿ 2010ರಲ್ಲಿ ನಮ್ಮ ಕಡೆ ಬಂದರು. ಮುಂದಿನ ವರ್ಷದ 'ಕೂರ್ಮಾವತಾರ'ಕ್ಕೂ ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ಕಥೆಯನ್ನೇ ಆರಿಸಿಕೊಂಡರು. ಆ ಸಿನಿಮಾ ನಡೆಯೋದು ಮಾತ್ರ ಬೆಂಗಳೂರಿನಲ್ಲಿ.

ಹೆಣ ಹೂಳೋಕೆ ಗುಂಡಿ ತೋಡೋ ಈರ್ಯಾನ ಪಾತ್ರದಲ್ಲಿ ವೈಜನಾಥ ಬಿರಾದಾರ್. ಕನಸಲ್ಲಿ ಸಿದ್ಧ, ಅಂದರೆ ಒಬ್ಬ ಸಾಧು, ಬಂದರೆ ಊರಲ್ಲಿ ಯಾರೋ ಸತ್ತಿರುತ್ತಾರೆ ಅನ್ನೋದು ಅವನ ನಂಬಿಕೆ. ಒಮ್ಮೆ ಕನಸು ಬೀಳುತ್ತದೆ, ಸಾವಿನ ಸುದ್ದಿ ಮಾತ್ರ ಬರೋದಿಲ್ಲ. ದೊಡ್ಡಮನೆಯವರು ಸಾವನ್ನು ಮುಚ್ಚಿಟ್ಟಿರುತ್ತಾರೆ. ಬಿರಾದಾರ್ ಅವರನ್ನು ಹಾಸ್ಯಪಾತ್ರಗಳಲ್ಲೇ ನೋಡಿದ್ದ ನಮ್ಮತ್ತೆ ಮೊದಲು ನಗೋಕೆ ತಯಾರಾಗಿ ಕೂತರು. ಅರ್ಧಕ್ಕೆ ಬರೋ ಹೊತ್ತಿಗೆ, "ಪಾಪ, ಅವನ ಕನಸು ಸುಳ್ಳು ಅಲ್ಲೋ ತಮ್ಮಾ, ಅವರು ಸುಳ್ಳು" ಅಂತ ಟಿವಿಗೇ ಹೇಳತೊಡಗಿದರು. ಅವಾರ್ಡ್ ಪಿಚ್ಚರ್ ಯಾರು ನೋಡ್ತಾರೆ ಅಂದ ಅಂಗಡಿಯವರು ಅವತ್ತು ಇರಬೇಕಿತ್ತು.

ಈಗ

'ಘಟಶ್ರಾದ್ಧ'ದ ವಿಷಯದಲ್ಲಿ ಕಾಯುತ್ತಿದ್ದೇನೆ. ನನ್ನ ಹತ್ತಿರ ಇರೋ ಪ್ರತಿಯಲ್ಲಿ ಕಪ್ಪೂ ಬಿಳುಪೂ ಎರಡೂ ಬೂದು. ಪುಣೆಯ ಆರ್ಕೈವ್‌ನಲ್ಲಿದ್ದ ಮೂಲ ನೆಗೆಟಿವ್‌ನಿಂದ ಅದನ್ನು ಹೊಸದಾಗಿ ಸಜ್ಜುಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಳೆ ಸಿನಿಮಾ ಉಳಿಸೋ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಶುರುಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿಸಿದ ಕೆಲಸ, ನಡೆದದ್ದು ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ. ಇದೇ ಪ್ರಾಜೆಕ್ಟಿನ ಸಿನಿಮಾಗಳನ್ನು ಅಮೆರಿಕದ ಕ್ರೈಟೀರಿಯನ್ ಕಂಪನಿ ಡಿಸ್ಕ್ ಮಾಡಿ ಪೆಟ್ಟಿಗೆ ಕಟ್ಟಿ ಮಾರುತ್ತದೆ. 2013ರ ಮೊದಲ ಪೆಟ್ಟಿಗೆಯಲ್ಲಿ ಋತ್ವಿಕ್ ಘಟಕ್ ಅವರ 'ತಿತಾಸ್' ಇತ್ತು. ನಮ್ಮದೂ ಮುಂದೊಂದು ಪೆಟ್ಟಿಗೆ ಸೇರೀತು ಅಂತ ಆಸೆ. ಬಂದರೂ ಒಂದು ತೊಡಕು: ಬ್ಲೂ-ರೇ ಡಿಸ್ಕ್‌ನಲ್ಲಿ ಅಮೆರಿಕದ್ದು ಎ ವಲಯ, ಭಾರತದ್ದು ಸಿ, ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡೋದಿಲ್ಲ. ಎಲ್ಲ ವಲಯದ ಡಿಸ್ಕ್ ಓದೋ ಪ್ಲೇಯರಿಗೆ ಈಗಿಂದಲೇ ದುಡ್ಡು ಕೂಡಿಸುತ್ತಿದ್ದೇನೆ.

'ಮನೆ' ಅರ್ಧ ಸಿಕ್ಕಂತೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ಇರೋ ಆ ಸಿನಿಮಾದ ಹಿಂದಿ ರೂಪ 'ಏಕ್ ಘರ್' ಸಿಕ್ಕಿದೆ, ಕನ್ನಡದ್ದು ಇಲ್ಲ. 'ಆಕ್ರಮಣ', 'ಮೂರು ದಾರಿಗಳು', 'ಬಣ್ಣದ ವೇಷ' ಮೂರರ ಜಾಗ ಕಪಾಟಿನಲ್ಲಿ ಖಾಲಿ. ಬೇಸಿಗೆಯಲ್ಲಿ ಕಬ್ಬಿಣದ ಕಪಾಟಿನ ಮೇಲಿನ ಖಾನೆ ಕಾದು ಬಿಡುತ್ತದೆ, ಅದಕ್ಕೇ ಡಿಸ್ಕ್‌ಗಳನ್ನೆಲ್ಲ ಕೆಳಗಿನ ಖಾನೆಗೆ ಇಳಿಸಿ ನಿಲ್ಲಿಸಿದ್ದೇನೆ. ನಕಲು ಇರೋ ಹಾರ್ಡ್ ಡಿಸ್ಕ್ ಎರಡು. ಒಂದು ಇಲ್ಲಿ, ಇನ್ನೊಂದು ಕೊಪ್ಪಳದ ತಂಗಿ ಮನೆಯಲ್ಲಿ.

ತುರ್ತಾಗಿ ಬೇಕಾದದ್ದು 'ತಾಯಿ ಸಾಹೇಬ'ದ ಎರಡನೇ ವಿಸಿಡಿ. ಜಯಮಾಲಾ ಕಥೆಯ ಅರ್ಧದಲ್ಲೇ ನಿಂತಿದ್ದಾರೆ. ಗಂಗಾವತಿ, ಸಿಂಧನೂರು, ರಾಯಚೂರು ಕಡೆ ಯಾರ ಅಟ್ಟದಲ್ಲಾದರೂ ಒಂಟಿ ಡಿಸ್ಕ್ ಬಿದ್ದಿದ್ದರೆ ತಿಳಿಸಿ. ಕವರ್ ಇಲ್ಲದಿದ್ದರೂ ಪರವಾಗಿಲ್ಲ, ಚೀಟಿ ಅಂಟಿದ್ದರೆ ದಯವಿಟ್ಟು ಕೀಳಬೇಡಿ.