ಗುಹೆಗೆ ಹೋಗದಿದ್ದರೆ ಆಯ್ತಲ್ಲ!

ಸೀರಿಯಲ್‌ಗೆ ಚಿತ್ರಕಥೆ, ಸಂಭಾಷಣೆ ಬರೆಯುವುದು ನನ್ನ ಕೆಲಸ. ಹೊಸದಾಗಿ ಬರೆಯುವುದಕ್ಕಿಂತ ಬೇರೆಯವರು ಬರೆದಿದ್ದನ್ನು ತಿದ್ದುವುದೇ ಇದರಲ್ಲಿ ಜಾಸ್ತಿ. ನಾಳೆ ಶೂಟಿಂಗ್ ಅಂದರೆ ಇವತ್ತು ಸಂಜೆ ಫೋನ್ ಬರುತ್ತದೆ, "ಈ ಟ್ರ್ಯಾಕ್ ಯಾಕೋ ಕೂರ್ತಿಲ್ಲ, ಏನಾದ್ರೂ ಮಾಡಿ." ಟ್ರ್ಯಾಕ್ ಅಂದರೆ ಸೀರಿಯಲ್ ಒಳಗಿನ ಒಂದು ಕಥೆಯ ಎಳೆ. ಯಾಕೆ ಕೂರುತ್ತಿಲ್ಲ ಅಂತ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ಈ ತಿದ್ದುವ ವಿದ್ಯೆಯಲ್ಲಿ ನಾನು ಗುರು ಅಂತ ಇಟ್ಟುಕೊಂಡಿರುವುದು ಡೊರೊಥಿ ಫೊಂಟಾನಾ ಅವರನ್ನು. ಅಮೆರಿಕದ ಹಳೆಯ 'ಸ್ಟಾರ್ ಟ್ರೆಕ್' ಸೀರಿಯಲ್‌ನವರು, ಗ್ರಹದಿಂದ ಗ್ರಹಕ್ಕೆ ಸುತ್ತುವ ಬಾಹ್ಯಾಕಾಶ ಹಡಗಿನ ಕಥೆ ಅದು. ಅಲ್ಲಿ ಅವರು ಮೊದಲು ಮಾಡಿದ್ದು ನಿರ್ಮಾಪಕ ಜೀನ್ ರಾಡನ್‌ಬೆರಿಯ ಸೆಕ್ರೆಟರಿ ಕೆಲಸ. ಅದಕ್ಕೂ ಮುಂಚೆಯೇ, 21ನೇ ವಯಸ್ಸಿಗೆ, ಒಂದು ಕೌಬಾಯ್ ಸೀರಿಯಲ್‌ಗೆ ಕಥೆ ಮಾರಿದ್ದರು. ಟೈಟಲ್ ಕಾರ್ಡ್‌ನಲ್ಲಿ ಮಾತ್ರ ಡಿ.ಸಿ. ಫೊಂಟಾನಾ ಅಂತ ಹಾಕಿಸಿಕೊಳ್ಳುತ್ತಿದ್ದರು, ಹೆಣ್ಣಿನ ಹೆಸರು ಕಂಡರೆ ಸ್ಕ್ರಿಪ್ಟ್ ಪಕ್ಕಕ್ಕೆ ಹೋಗುತ್ತದೆ ಅಂತ. ಅವರ ಬಗ್ಗೆ ಬರೆಯುವವರೆಲ್ಲ ಈ ಇನಿಷಿಯಲ್ ಕಥೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಅವರು ಮಾಡಿದ ಒಂದು ರಿಪೇರಿ ದೊಡ್ಡದು.

'ದಿಸ್ ಸೈಡ್ ಆಫ್ ಪ್ಯಾರಡೈಸ್' ಅನ್ನುವ ಎಪಿಸೋಡ್, ಪ್ರಸಾರವಾಗಿದ್ದು 1967ರಲ್ಲಿ. ಜೆರಿ ಸೋಲ್ ಬರೆದ ಸ್ಕ್ರಿಪ್ಟ್ ಕೂರುತ್ತಿರಲಿಲ್ಲ. ಇದನ್ನು ಚಾನೆಲ್ ಒಪ್ಪುವ ಹಾಗೆ ತಿದ್ದಿಕೊಟ್ಟರೆ ನೀನೇ ಸ್ಟೋರಿ ಎಡಿಟರ್ ಅಂದರಂತೆ ರಾಡನ್‌ಬೆರಿ. ಕಥೆ ಇಷ್ಟು. ಒಂದು ಗ್ರಹದಲ್ಲಿ ಒಂಥರಾ ಗಿಡದ ಬೀಜಕಣ ಮೈಗೆ ತಾಗಿದವರೆಲ್ಲ ಸುಖವಾಗಿಬಿಡುತ್ತಾರೆ, ಕೆಲಸ, ಹಡಗು, ಕ್ಯಾಪ್ಟನ್ ಯಾವುದೂ ಬೇಡ. ಮೊದಲಿನ ಸ್ಕ್ರಿಪ್ಟ್‌ನಲ್ಲಿ ಪ್ರೀತಿಗೆ ಬೀಳುವವನು ಸುಲು, ಹಡಗು ನಡೆಸುವವನು. ಆ ಬೀಜಕಣ ಇದ್ದದ್ದು ಒಂದು ಗುಹೆಯಲ್ಲಿ.

ಫೊಂಟಾನಾ ಬದಲಾಯಿಸಿದ್ದರಲ್ಲಿ ಮುಖ್ಯವಾದವು ಎರಡೇ. ಗುಹೆಯಲ್ಲಿದ್ದರೆ ಗುಹೆಗೆ ಹೋಗದಿದ್ದರೆ ಆಯ್ತಲ್ಲ! ಹಾಗಾಗಿ ಗಿಡ ಎಲ್ಲ ಕಡೆ ಇರಬೇಕು, ತಪ್ಪಿಸಿಕೊಳ್ಳುವ ದಾರಿಯೇ ಇರಬಾರದು. ಇನ್ನೊಂದು, ಇದು ಸುಲು ಕಥೆ ಅಲ್ಲ, ಹಡಗಿನಲ್ಲಿ ಕ್ಯಾಪ್ಟನ್ ನಂತರದ ಅಧಿಕಾರಿ ಸ್ಪಾಕ್‌ನ ಕಥೆ. ಸುಲು ಪ್ರೀತಿಗೆ ಬಿದ್ದರೆ ಯಾರಿಗೇನು? ಭಾವನೆಗಳನ್ನೆಲ್ಲ ಅದುಮಿಟ್ಟುಕೊಂಡೇ ಬದುಕಿರುವ ಸ್ಪಾಕ್ ಮರದ ಕೊಂಬೆಯಿಂದ ಜೋತು ಬಿದ್ದು ನಕ್ಕರೆ ನೋಡುವವರಿಗೆ ಎದೆ ಧಸಕ್ ಅನ್ನುತ್ತದೆ, ಯಾಕಂದ್ರೆ ಇವನು ಇದನ್ನು ಮತ್ತೆ ಕಳೆದುಕೊಳ್ಳಬೇಕು. ಆಗ ಫೊಂಟಾನಾ ಅವರಿಗೆ 27 ವರ್ಷ. ಸ್ಟೋರಿ ಎಡಿಟರ್ ಆದರು.

ನಾನು ಇದನ್ನು ದಿನಾ ಬಳಸುತ್ತೇನೆ, ಉತ್ಪ್ರೇಕ್ಷೆ ಅಲ್ಲ. ನನ್ನ ಕೈಗೆ ಬಂದ ಒಂದು ಟ್ರ್ಯಾಕ್‌ನಲ್ಲಿ ನಾಯಕಿಯ ಗುಟ್ಟು ತಿಪಟೂರಿನಲ್ಲಿರುವ ಸೋದರತ್ತೆಗೆ ಮಾತ್ರ ಗೊತ್ತಿತ್ತು. ತಿಪಟೂರಿಗೆ ಹೋಗದಿದ್ದರೆ ಆಯ್ತಲ್ಲ? ಅತ್ತೆಯನ್ನು ಮೊಣಕಾಲು ಆಪರೇಷನ್ ನೆಪದಲ್ಲಿ ಮನೆಗೇ ಕರೆಸಿ ಮಗ್ಗುಲ ಕೋಣೆಯಲ್ಲಿ ಮಲಗಿಸಿದೆ. ಮುಂದಿನ ಸೀನ್‌ಗಳು ತಾವಾಗೇ ಬಂದವು.

ಅದೇ ಎಪಿಸೋಡ್‌ನಲ್ಲಿ ಇನ್ನೊಂದು ಇದೆ. ಸಿಟ್ಟು ಬಂದರೆ ಬೀಜಕಣದ ಅಮಲು ಇಳಿಯುತ್ತದೆ. ಹಾಗಾಗಿ ಕ್ಯಾಪ್ಟನ್ ಕರ್ಕ್ ಬೇಕಂತಲೇ ಸ್ಪಾಕ್‌ನ ಅಪ್ಪ ಅಮ್ಮನನ್ನು ಎತ್ತಾಡುತ್ತಾನೆ. ಸ್ಪಾಕ್ ಹೇಳುತ್ತಾನೆ, ನಮ್ಮಮ್ಮ ಟೀಚರ್, ಅಪ್ಪ ರಾಯಭಾರಿ ಅಂತ. ಬೈಗುಳದ ಮಧ್ಯೆ ಬಂದ ಒಂದು ಉತ್ತರ, ಅಷ್ಟೇ. ಅದೇ ವರ್ಷದ ಕೊನೆಯಲ್ಲಿ ಬಂದ 'ಜರ್ನಿ ಟು ಬೇಬಲ್'ನಲ್ಲಿ ಫೊಂಟಾನಾ ಆ ಅಪ್ಪ ಅಮ್ಮನನ್ನು ಹಡಗಿಗೇ ಹತ್ತಿಸಿದರು. ಅಪ್ಪ ಮಗ ಮಾತು ಬಿಟ್ಟು 18 ವರ್ಷ. ಅಪ್ಪನ ಹೃದಯದ ಆಪರೇಷನ್‌ಗೆ ಮಗನ ರಕ್ತ ಬೇಕು, ಆದರೆ ಕ್ಯಾಪ್ಟನ್ ಗಾಯಗೊಂಡು ಮಲಗಿರುವುದರಿಂದ ಹಡಗಿನ ಜವಾಬ್ದಾರಿ ಮಗನ ಮೇಲಿದೆ, ಅವನು ಕದಲುವುದಿಲ್ಲ, ಅಮ್ಮ ಕೆನ್ನೆಗೆ ಬಾರಿಸುತ್ತಾಳೆ. ಪಕ್ಕಾ ನಮ್ಮ ಏಳು ಗಂಟೆ ಸ್ಲಾಟ್ ಅಲ್ವಾ?

ಹೀಗಂದ ಕೂಡಲೇ "ಹೆಂಗಸರು ಸೆಂಟಿಮೆಂಟ್ ಚೆನ್ನಾಗಿ ಬರೀತಾರೆ" ಅನ್ನುವವರು ಎದ್ದು ಬರುತ್ತಾರೆ. ನಮ್ಮ ಕಡೆಯೂ ಇದೇ ಪಾಡು, ಅಳುವ ಸೀನ್ ಇದ್ದರೆ ನನಗೆ, ಕೋರ್ಟ್ ಸೀನ್ ಇದ್ದರೆ ಗಂಡಸರಿಗೆ. ಶತ್ರು ಹಡಗಿನಿಂದ ಯಂತ್ರ ಕದಿಯುವ ಗೂಢಚಾರಿ ಎಪಿಸೋಡ್ ಬರೆದವರೂ ಇದೇ ಫೊಂಟಾನಾ. ಕೋರ್ಟ್ ಅಂದರೆ ಮೆಲಿಂಡಾ ಸ್ನಾಡ್‌ಗ್ರಾಸ್ ನೆನಪಾಗುತ್ತಾರೆ. ಓದಿದ್ದು ಲಾ, ವಕೀಲಿಕೆ ಮಾಡಿದ್ದವರು. ಡೇಟಾ ಅನ್ನುವ ಯಂತ್ರಮಾನವ ಸರ್ಕಾರದ ಆಸ್ತಿಯೋ, ಸ್ವಂತ ಹಕ್ಕಿರುವ ವ್ಯಕ್ತಿಯೋ ಅಂತ ವಿಚಾರಣೆ ನಡೆಯುವ 'ದಿ ಮೆಷರ್ ಆಫ್ ಎ ಮ್ಯಾನ್' (1989) ಅನ್ನುವ ಎಪಿಸೋಡನ್ನು ಆಮೇಲೆ ಬಂದ ಹೊಸ 'ಸ್ಟಾರ್ ಟ್ರೆಕ್' ಸೀರಿಯಲ್‌ಗೆ ಬರೆದರು. ಆಮೇಲೆ ಅವರನ್ನು ಬರಹಗಾರರ ತಂಡಕ್ಕೇ ಸೇರಿಸಿಕೊಂಡರು.

ನನಗೆ ಎಲ್ಲರಿಗಿಂತ ಇಷ್ಟ ಜೀನ್ ಲಿಸೆಟ್ ಅರೋಸ್ಟೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಲೈಬ್ರರಿಯನ್. ಯಾರೂ ಕೇಳದೆಯೇ ಸ್ಕ್ರಿಪ್ಟ್ ಕಳಿಸಿದರು, ಹಳೆಯ 'ಸ್ಟಾರ್ ಟ್ರೆಕ್' ಅವರ ಎರಡು ಕಥೆ ತೆಗೆದುಕೊಂಡಿತು. ಎರಡನೆಯದರಲ್ಲಿ ಸೂರ್ಯ ಸ್ಫೋಟಿಸಲಿದೆ, ಗ್ರಹದ ಜನರೆಲ್ಲ ಜಾಗ ಖಾಲಿ ಮಾಡಿದ್ದಾರೆ. ಎಲ್ಲಿಗೆ? ಒಂದು ಲೈಬ್ರರಿಯ ಮೂಲಕ ತಮಗೆ ಬೇಕಾದ ಹಳೆಯ ಕಾಲಕ್ಕೆ! ಕೊನೆಗೆ ಉಳಿದವನು ಲೈಬ್ರರಿಯನ್ ಒಬ್ಬನೇ, ಹೆಸರು ಮಿಸ್ಟರ್ ಎಟೋಜ಼್, ಅಂದರೆ ಎ ಟು ಝಡ್. ಎಂಥ ಕುಶಾಲು ನೋಡಿ.

ಹೊಸದಾಗಿ ಬರೆಯಲು ಬರುವ ಹುಡುಗಿಯರಿಗೆ ನಾನು ಮೊದಲು ಕೇಳುವುದು ಇದಕ್ಕೇ, ಇದಕ್ಕೂ ಮುಂಚೆ ಎಲ್ಲಿ ಕೆಲಸ ಮಾಡ್ತಿದ್ದೆ ಅಂತ. ಒಬ್ಬಳು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದಳು. ಆಸ್ತಿ ಜಗಳದ ಟ್ರ್ಯಾಕ್ ಈಗ ಅವಳದೇ.

ಬರೆಯುವ ಆಸೆ ಇದ್ದವರು ಮೇಲಿನ ಎಪಿಸೋಡ್‌ಗಳನ್ನು ಹುಡುಕಿ ನೋಡಿ. ಸ್ಪಾಕ್‌ನವು ಎರಡನ್ನೂ ಹೇಳಿದ ಕ್ರಮದಲ್ಲೇ ನೋಡಿ, ಮಧ್ಯದ ಆ ಬೈಗುಳ ತಪ್ಪಿಸಿಕೊಳ್ಳಬೇಡಿ. ಸೆಟ್ಟಿನ ಬಂಡೆಗಳು ಥರ್ಮೋಕೋಲ್ ಥರ ಕಾಣುತ್ತವೆ, ಅದಕ್ಕೆ ನಗಬಹುದು, ನಾನೂ ನಗುತ್ತೇನೆ.