ವಾರ ಸೋಮವಾರವೇ ಶುರು: ವಿದ್ಯಾರ್ಥಿ ವೀಸಾದ 20 ಗಂಟೆಯ ಲೆಕ್ಕ

ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಸಿಬ್ಬಂದಿಯ ರೋಟಾ ತಯಾರಿಸುವುದು, ಅಂದರೆ ಯಾರಿಗೆ ಯಾವ ದಿನ ಯಾವ ಪಾಳಿ ಎಂದು ಹಂಚುವುದು, ಆರು ವರ್ಷಗಳಿಂದ ನನ್ನ ಕೆಲಸ. ನಮ್ಮಲ್ಲಿ ಅರೆಕಾಲಿಕವಾಗಿ ದುಡಿಯುವವರಲ್ಲಿ ಅನೇಕರು ವಿದ್ಯಾರ್ಥಿ ವೀಸಾದಲ್ಲಿ ಬಂದವರು, ಅವರಲ್ಲಿ ನಮ್ಮ ಕಡೆಯ ಮಕ್ಕಳೂ ಇರುತ್ತಾರೆ. ಪದವಿ ಅಥವಾ ಅದಕ್ಕೂ ಮೇಲಿನ ಕೋರ್ಸ್ ಓದುವವರು ಟರ್ಮ್, ಅಂದರೆ ಓದಿನ ಅವಧಿ, ನಡೆಯುವಾಗ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ ಎಂಬುದು ಅವರೆಲ್ಲರಿಗೂ ಗೊತ್ತು. ಆದರೆ ಆ ವಾರ ಯಾವ ದಿನ ಆರಂಭವಾಗುತ್ತದೆ ಎಂಬುದನ್ನು ರೋಟಾ ಬರೆಯುವ ನಾನೇ ಗಮನಿಸಿರಲಿಲ್ಲ. ಅದರಿಂದ ತೊಂದರೆಗೆ ಸಿಕ್ಕಿದವನು ಹಾಸನದ ಕಡೆಯ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ.

ನಮ್ಮ ಸಂಬಳದ ಲೆಕ್ಕ ಭಾನುವಾರದಿಂದ ಶನಿವಾರದವರೆಗೆ ನಡೆಯುತ್ತಿತ್ತು. ಒಂದು ವಾರ ಅವನು ಸೋಮವಾರ ಮತ್ತು ಬುಧವಾರ ಆರಾರು ಗಂಟೆ, ಶುಕ್ರವಾರ ಎಂಟು ಗಂಟೆ ಮಾಡಿದ, ಮೊತ್ತ 20. ಅದರ ಬೆನ್ನಿಗೇ ಬಂದ ಭಾನುವಾರಕ್ಕೆ ಜನ ಸಾಲದೆ ಅವನನ್ನೇ ಕರೆದೆ, ಎಂಟು ಗಂಟೆ ಹಾಕಿದೆ, ಅದು ಮುಂದಿನ ವಾರಕ್ಕೆ ಸೇರುತ್ತದೆಂದು ಮಂಗಳವಾರ, ಗುರುವಾರ ಆರಾರು ಗಂಟೆಗೆ ಇಳಿಸಿದೆ. ಪೇಸ್ಲಿಪ್‌ನಲ್ಲಿ ಎರಡೂ ವಾರ ಸರಿಯಾಗಿ 20 ಎಂದೇ ಬಂತು. ಆದರೆ ವೀಸಾ ನಿಯಮದಲ್ಲಿ ವಾರವೆಂದರೆ ಸೋಮವಾರದಿಂದ ಭಾನುವಾರದವರೆಗಿನ ಏಳು ದಿನ. ಆ ಲೆಕ್ಕದಲ್ಲಿ ಹುಡುಗ 28 ಗಂಟೆ ದುಡಿದಿದ್ದ. ಕಂಪನಿಯ ಒಳಗಿನ ತಪಾಸಣೆಯಲ್ಲಿ ಇದು ಹೊರಬಿದ್ದಾಗ ಅವನು ಫೋನಿನಲ್ಲಿ ಪೇಸ್ಲಿಪ್ ತೆರೆದು ನನ್ನ ಮೇಜಿನ ಮೇಲಿಟ್ಟು, "ಅಕ್ಕಾ, ನೋಡಿ, ಎಲ್ಲಾ ವಾರನೂ ಇಪ್ಪತ್ತೇ ಇದೆಯಲ್ಲಾ" ಎಂದ. ಅವನ ಕೈ ನಡುಗುತ್ತಿತ್ತು. ಮುಂದಿನ ಪಾಳಿಗಳನ್ನೆಲ್ಲ ನಿಲ್ಲಿಸಬೇಕಾಯಿತು. ರೋಟಾ ಬರೆದವಳು ನಾನೇ, ತಪ್ಪು ನನ್ನ ಕಡೆಯದು ಎಂದು ಪತ್ರ ಬರೆದುಕೊಟ್ಟೆ. ಅದನ್ನು ಹಿಡಿದು ಅವನು ತನ್ನ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕಂಡ. ಷರತ್ತು ಮೀರಿದರೆ ವೀಸಾ ರದ್ದಾಗಬಹುದು, ಮುಂದಿನ ಅರ್ಜಿಗೂ ಅಡ್ಡಿಯಾಗಬಹುದು ಎಂಬ ಭಯದಲ್ಲಿ ಅವನು ಕಳೆದ ಆ ದಿನಗಳಿಗೆ ನಾನು ಹೊಣೆ.

ಈ ಮಿತಿಯಲ್ಲಿ ಸರಾಸರಿ ಎಂಬ ಮಾತೇ ಇಲ್ಲ. ಒಂದು ವಾರ 10 ಗಂಟೆ ಮಾಡಿ ಮುಂದಿನ ವಾರ 30 ಮಾಡಿದರೆ ನಿಯಮ ಮುರಿದಂತೆಯೇ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20. ಸಂಬಳವಿಲ್ಲದೆ ಮಾಡಿದ ಕೆಲಸವೂ ಅದರೊಳಗೇ ಬರುತ್ತದೆ. ಸ್ವಂತ ವ್ಯವಹಾರಕ್ಕಂತೂ ಅವಕಾಶವಿಲ್ಲ, ಆ್ಯಪ್ ಮೂಲಕ ಊಟ ತಲುಪಿಸುವುದೂ ಸಾಮಾನ್ಯವಾಗಿ ಅದರಲ್ಲೇ ಸೇರುತ್ತದೆ, ಆದ್ದರಿಂದ ಬೇರೆಯವರ ಖಾತೆಯಲ್ಲಿ ಊಟ ತಲುಪಿಸುವ ಕೆಲಸಕ್ಕೆ ಹೋಗುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗೊಂದಲಕ್ಕೆ ಇನ್ನೊಂದು ಕಾರಣ, ಬೇರೆ ದೇಶದಲ್ಲಿರುವ ಅಣ್ಣಂದಿರು, ಅತ್ತೆಯ ಮಕ್ಕಳು ಕೊಡುವ ಸಲಹೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆಯ ಮಿತಿ ಇರುವುದರಿಂದ ಅಲ್ಲಿ ಒಂದು ವಾರ ಹೆಚ್ಚು ಮಾಡಿ ಇನ್ನೊಂದು ವಾರ ಇಳಿಸಿಕೊಳ್ಳಬಹುದು. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ಸಿನ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆ ಇದೆ. ಅವರು ಹೇಳುವುದು ಅವರ ದೇಶಕ್ಕೆ ಸರಿ, ಇಲ್ಲಿ ನಡೆಯುವುದಿಲ್ಲ.

ಇದಕ್ಕಿಂತಲೂ ಹೆಚ್ಚು ಮಕ್ಕಳು ಎಡವುವುದು ಬೇಸಿಗೆಯಲ್ಲಿ. ಸೆಪ್ಟೆಂಬರ್‌ನಲ್ಲಿ ಸೇರಿದ ಒಂದು ವರ್ಷದ ಮಾಸ್ಟರ್ಸ್ ವಿದ್ಯಾರ್ಥಿಗೆ ಮೇ ಹೊತ್ತಿಗೆ ತರಗತಿ, ಪರೀಕ್ಷೆ ಮುಗಿಯುತ್ತವೆ. ಜೊತೆಯಲ್ಲಿ ದುಡಿಯುವ ಪದವಿ ವಿದ್ಯಾರ್ಥಿಗಳು ರಜೆಯೆಂದು ಪೂರ್ಣಾವಧಿ ಪಾಳಿಗೆ ಬರುತ್ತಾರೆ. ತನಗೂ ರಜೆ ಎಂದು ಇವನು ತಿಳಿಯುವುದು ಸಹಜ. ಆದರೆ ಪ್ರಬಂಧ ಬರೆಯುವ ಆ ಬೇಸಿಗೆ ತಿಂಗಳುಗಳು ಸಾಮಾನ್ಯವಾಗಿ ಟರ್ಮ್ ಎಂದೇ ಲೆಕ್ಕ, 20 ಗಂಟೆಯ ಮಿತಿ ಹಾಗೆಯೇ ಇರುತ್ತದೆ. ಟರ್ಮ್ ಮತ್ತು ರಜೆಯ ದಿನಾಂಕಗಳ ದಾಖಲೆಯನ್ನು ವಿಶ್ವವಿದ್ಯಾಲಯದಿಂದ ಪಡೆದು ಇಟ್ಟುಕೊಳ್ಳುವುದು ಕೆಲಸ ಕೊಡುವವರ ಹೊಣೆಯೂ ಹೌದು. ನಿಯಮ ಮೀರಿ ದುಡಿಸಿಕೊಂಡವರಿಗೆ ಮೊದಲ ಸಲವೇ ಒಬ್ಬ ನೌಕರನಿಗೆ 45,000 ಪೌಂಡ್‌ವರೆಗೆ ದಂಡ ಹಾಕುವ ಅವಕಾಶ 2024ರ ಫೆಬ್ರವರಿಯಿಂದ ಇದೆ. ಹೀಗಿದ್ದೂ ಎಷ್ಟೋ ಕಡೆ ಪದವಿ ವಿದ್ಯಾರ್ಥಿಗಳ ಕ್ಯಾಲೆಂಡರನ್ನೇ ಮುದ್ರಿಸಿ ಎಲ್ಲರ ಕಡತಕ್ಕೂ ಸೇರಿಸುತ್ತಾರೆ. ನಮ್ಮ ಕಡತಗಳಲ್ಲೂ ಅದೇ ಇತ್ತು.

ಈಗ ನಮ್ಮ ರೋಟಾ ಸೋಮವಾರದಿಂದಲೇ ಆರಂಭವಾಗುತ್ತದೆ. ಭಾನುವಾರ ರಾತ್ರಿ ಪಾಳಿಯಲ್ಲಿ ಹನ್ನೆರಡರ ತನಕದ ಗಂಟೆಗಳನ್ನು ಒಂದು ವಾರಕ್ಕೂ, ಆಮೇಲಿನವನ್ನು ಮರುವಾರಕ್ಕೂ ಬರೆಯುತ್ತೇವೆ. ಹೊಸದಾಗಿ ಸೇರುವ ವಿದ್ಯಾರ್ಥಿಯಿಂದ ಅವನದೇ ಕೋರ್ಸಿನ ದಿನಾಂಕಗಳಿರುವ ಪತ್ರವನ್ನು ಕೇಳುತ್ತೇನೆ, ಬೇರೆಲ್ಲಾದರೂ ಕೆಲಸವಿದೆಯೇ ಎಂದು ಕನ್ನಡದವರಾದರೆ ಕನ್ನಡದಲ್ಲೇ ಕೇಳುತ್ತೇನೆ. ಹಾಸನದ ಹುಡುಗ ಪ್ರಬಂಧ ಒಪ್ಪಿಸುವ ಮುನ್ನ ಒಂದು ಭಾನುವಾರ ಮತ್ತೆ ಜನ ಸಾಲದೆ ಬಂತು. ಪಟ್ಟಿಯಲ್ಲಿ ಅವನ ಹೆಸರಿನ ಎದುರು 18 ಇತ್ತು. ಅವನಿಗೆ ಫೋನ್ ಮಾಡದೆ ಆ ಪಾಳಿಯನ್ನು ನಾನೇ ಮಾಡಿದೆ.