ಮಾಡೆಲ್ ಮೇಲೆ ಕೂತ ಗೈಡ್ ಮೂಳೆಯ ಮೇಲೆ ಕೂರದಿದ್ದಾಗ

ಮುಂಗೈಯ ರೇಡಿಯಸ್ ಮೂಳೆ ಮುರಿದು ವಕ್ರವಾಗಿ ಕೂಡಿಕೊಂಡಿದ್ದ ಒಂದು ಕೇಸಿಗೆ ನಮ್ಮ ತಂಡ ಕಟಿಂಗ್ ಗೈಡ್ (ಮೂಳೆಯ ಮೇಲೆ ಕೂತು ಗರಗಸಕ್ಕೂ ಡ್ರಿಲ್ಲಿಗೂ ದಾರಿ ತೋರಿಸುವ ಅಚ್ಚು) ಮತ್ತು ಟೈಟಾನಿಯಂ ಪ್ಲೇಟ್ ಮಾಡಿಕೊಟ್ಟಿತ್ತು. ಎರಡೂ ಕೈಗಳ ಸಿಟಿ ಸ್ಕ್ಯಾನ್ ತೆಗೆಸಿ, ನೆಟ್ಟಗಿರುವ ಕೈಯ ಮೂಳೆಯ ಪ್ರತಿಬಿಂಬವನ್ನೇ ಗುರಿಯಾಗಿಟ್ಟುಕೊಂಡು, ಎಲ್ಲಿ ಕತ್ತರಿಸಬೇಕು, ತುದಿಯ ತುಂಡನ್ನು ಯಾವ ಕಡೆಗೆ ಎಷ್ಟು ತಿರುಗಿಸಬೇಕು ಎಂದು ಲೆಕ್ಕ ಹಾಕಿದ್ದೆವು. ಸೆಗ್ಮೆಂಟೇಶನ್ (ಸ್ಕ್ಯಾನಿನಿಂದ ಮೂಳೆಯನ್ನಷ್ಟೇ ಬೇರ್ಪಡಿಸುವ ಕೆಲಸ), ಸರ್ಜನ್ ಜೊತೆಗಿನ ಪ್ಲಾನಿಂಗ್ ಕಾಲ್, ಅವರ ಒಪ್ಪಿಗೆ, 3ಡಿ ಪ್ರಿಂಟ್, ಅಳತೆಯ ಪರಿಶೀಲನೆ ಎಲ್ಲವೂ ತಕರಾರಿಲ್ಲದೆ ಮುಗಿದಿದ್ದವು.

ಆಪರೇಷನ್ ಥಿಯೇಟರಿನಲ್ಲಿ ಗೈಡ್ ಅಲುಗಾಡಿತು. ಒಂದು ಬದಿಯನ್ನು ಒತ್ತಿದರೆ ಇನ್ನೊಂದು ಬದಿ ಮೇಲೇಳುತ್ತಿತ್ತು. "ಗಟ್ಟಿಯಾಗಿ ಹಿಡಿದುಕೊಂಡು ಕೆ-ವೈರ್ ಹಾಕಿಬಿಡಲೇ?" ಎಂದು ಸರ್ಜನ್ ಕೇಳಿದರು. ಕೆ-ವೈರ್ ಎಂದರೆ ಗೈಡನ್ನು ಮೂಳೆಗೆ ಬಿಗಿಯುವ ತೆಳುವಾದ ಲೋಹದ ತಂತಿ. ಈ ವಿಧಾನದಲ್ಲಿ ಪ್ಲೇಟಿನ ಸ್ಕ್ರೂಗಳಿಗೆ ಬೇಕಾದ ರಂಧ್ರಗಳನ್ನು ಮೂಳೆ ಕತ್ತರಿಸುವ ಮೊದಲೇ ಗೈಡಿನ ಮೂಲಕ ಕೊರೆಯುತ್ತಾರೆ. ಕತ್ತರಿಸಿದ ಮೇಲೆ ಅವೇ ರಂಧ್ರಗಳು ಪ್ಲೇಟಿನ ರಂಧ್ರಗಳಿಗೆ ಹೊಂದಿಕೊಂಡು ಮೂಳೆಯನ್ನು ಸರಿಯಾದ ನೆಲೆಗೆ ಎಳೆದು ತರುತ್ತವೆ. ಆದ್ದರಿಂದ ಗೈಡ್ ಓರೆಯಾಗಿ ಕೂತರೆ ಆ ಓರೆಯೇ ಪ್ಲೇಟಿನೊಂದಿಗೆ ಮೂಳೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. "ಬೇಡ ಸರ್, ಒಮ್ಮೆ ಮಾಡೆಲ್ ಮೇಲೆ ಇಟ್ಟು ನೋಡೋಣ" ಎಂದೆ. ಧ್ವನಿಯಲ್ಲಿದ್ದ ಧೈರ್ಯ ಮನಸ್ಸಿನಲ್ಲಿರಲಿಲ್ಲ. ಉಪಕರಣಗಳನ್ನು ಹಬೆಯಲ್ಲಿ ಸ್ಟೆರೈಲ್ ಮಾಡುವ 134 ಡಿಗ್ರಿಯ ಆಟೋಕ್ಲೇವಿನಲ್ಲಿ ನೈಲಾನ್ ಗೈಡಿನ ತೆಳುವಾದ ತೋಳು ಬಾಗಿರಬೇಕೆಂದೇ ನಾನು ನಂಬಿದ್ದೆ.

ಅದೇ ಸ್ಕ್ಯಾನಿನಿಂದ ಪ್ರಿಂಟ್ ಮಾಡಿ, ಸ್ಟೆರೈಲ್ ಮಾಡಿ ತಂದಿದ್ದ ಮೂಳೆಯ ಮಾಡೆಲ್ ಮೇಲೆ ಅದು ಕಿಂಚಿತ್ತೂ ಅಲುಗದೆ ಕೂತಿತು. ಅಂದರೆ ಗೈಡ್ ಬಾಗಿರಲಿಲ್ಲ. ಸ್ಕ್ಯಾನ್ ಕೂಡ ಹಳೆಯದಲ್ಲವಾದ್ದರಿಂದ ಮೂಳೆಯ ಆಕಾರ ಬದಲಾಗಿರುವ ಸಂಭವವಿರಲಿಲ್ಲ. ಉಳಿದವುಗಳಲ್ಲಿ ಹೆಚ್ಚು ಸಂಭವನೀಯವಾದದ್ದು ಒಂದು: ಮಾಡೆಲ್‌ನಲ್ಲಿ ಇಲ್ಲದ ಏನೋ ಒಂದು ಮೂಳೆಯ ಮೇಲಿದೆ. ಸೆಗ್ಮೆಂಟೇಶನ್ ಮಾಡುವಾಗ ಪೆರಿಯಾಸ್ಟಿಯಂ (ಮೂಳೆಯ ಹೊರಪೊರೆ), ಸ್ನಾಯು, ಗಾಯದ ಅಂಗಾಂಶ ಎಲ್ಲವೂ ಅಳಿಸಿಹೋಗಿ ಪರದೆಯ ಮೇಲೆ ಬೋಳು ಮೂಳೆ ಮಾತ್ರ ನಿಲ್ಲುತ್ತದೆ, ಥಿಯೇಟರಿನಲ್ಲಿ ಅಂಥ ಮೂಳೆ ಯಾರಿಗೂ ಸಿಗುವುದಿಲ್ಲ. ನಮ್ಮ ಗೈಡಿನ ಒಂದು ಕೊಕ್ಕೆ ಹೆಬ್ಬೆರಳಿನ ಕಡೆಯ ಅಂಚನ್ನು ಬಳಸಿಕೊಂಡು ಬ್ರೇಕಿಯೋರೇಡಿಯಾಲಿಸ್ ಸ್ನಾಯು ಅಂಟಿಕೊಳ್ಳುವ ಜಾಗದ ಮೇಲೆಯೇ ಬರುತ್ತಿತ್ತು. ಸರ್ಜನ್ ಅಲ್ಲಿ ಉಳಿದಿದ್ದ ಅಂಗಾಂಶವನ್ನು ಎಲಿವೇಟರಿನಿಂದ (ಮೂಳೆಯಿಂದ ಅಂಗಾಂಶ ಎಬ್ಬಿಸುವ ಚಪ್ಪಟೆ ಉಪಕರಣ) ಬಿಡಿಸಿದ ಮೇಲೆ ಗೈಡ್ ತಾನಾಗಿ ತನ್ನ ಜಾಗ ಹಿಡಿಯಿತು. ಸಿ-ಆರ್ಮ್ (ಥಿಯೇಟರಿನಲ್ಲೇ ಬಳಸುವ ಎಕ್ಸ್-ರೇ ಯಂತ್ರ) ಚಿತ್ರದಲ್ಲಿ ಕೆ-ವೈರ್‌ಗಳು ಪ್ಲಾನಿನಂತೆಯೇ ಇರುವುದನ್ನು ಖಚಿತಪಡಿಸಿಕೊಂಡ ನಂತರವೇ ಗರಗಸ ಕೈಗೆತ್ತಿಕೊಂಡರು. ಪ್ಲೇಟ್ ಕೂಡ ಸರಿಯಾಗಿ ಹೊಂದಿತು.

ಆಮೇಲಿನ ಸಭೆಯಲ್ಲಿ ಮೇಲಿನವರು ಪ್ರಿಂಟರಿನ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಬಗ್ಗೆಯೇ ಚರ್ಚಿಸಿ, ಫಾರ್ಮಿನಲ್ಲಿ ಅಳತೆಯ ಇನ್ನೊಂದು ಕಾಲಂ ಸೇರಿಸಿದರು. ಅಳತೆ ತಪ್ಪಿಲ್ಲವೆಂದು ಮಾಡೆಲ್ಲೇ ತೋರಿಸಿಕೊಟ್ಟಿತ್ತು ಎಂಬ ನನ್ನ ಮಾತು ನಡಾವಳಿಯಲ್ಲಿ ದಾಖಲಾಗಲಿಲ್ಲ. ಎಲ್ಲಿಂದ ಛೇದನ, ಎಷ್ಟು ಮೂಳೆ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆ ಆ ಫಾರ್ಮಿನಲ್ಲಿ ಇಂದಿಗೂ ಇಲ್ಲ. ಈಗ ಪ್ಲಾನಿಂಗ್ ಕಾಲ್‌ನಲ್ಲಿ ಸರ್ಜನ್ನರಿಂದಲೇ ಮೂಳೆಯ ಚಿತ್ರದ ಮೇಲೆ ಎಲ್ಲಿಯವರೆಗೆ ಮೂಳೆ ತೆರೆದುಕೊಳ್ಳುತ್ತದೆ ಎಂಬ ಗಡಿಯನ್ನು ಗುರುತು ಹಾಕಿಸಿಕೊಳ್ಳುತ್ತೇನೆ, ಕೊಕ್ಕೆಗಳು ಅದನ್ನು ದಾಟದಂತೆ ನೋಡಿಕೊಳ್ಳುತ್ತೇನೆ. ದಾಟಲೇಬೇಕಾದಾಗ ಯಾವ ಅಂಗಾಂಶವನ್ನು ಬಿಡಿಸಬೇಕೆಂದು ಸೂಚನಾ ಹಾಳೆಯಲ್ಲಿ ಬರೆದು, ಗೈಡಿಗೂ ಮೂಳೆಗೂ ನಡುವೆ ಸಂದು ಉಳಿದಿದೆಯೇ ಎಂದು ಇಣುಕಿ ನೋಡಲು ಗೈಡಿನಲ್ಲೇ ಸಣ್ಣ ಕಿಟಕಿಗಳನ್ನು ಬಿಡುತ್ತೇನೆ. ಕಾಲಂ ಇಲ್ಲದ ಕಾರಣ ಇದನ್ನೆಲ್ಲ 'ಷರಾ' ಎಂಬ ಚೌಕದಲ್ಲಿ ತುರುಕಬೇಕಾಗಿದೆ.